ಹದಿನೈದು ದಿನದಲ್ಲಿ ಏಳದವರು

ಮೇ ೨, ೧೯೮೬

ಅಕ್ಕಾ!

ಪರದೆ ಎದ್ದಿತು ಅಂತ ತಿಳಿದುಕೋ. ರಂಗದ ಮೇಲೆ ಯಾರು? ಐವತ್ತೆರಡು ತುಂಬಿದರೂ ಮೀಸೆಗೆ ಕಪ್ಪು ಬಳಿಯುವುದನ್ನು ಬಿಡದ, ಮೂವತ್ತು ವರ್ಷ ನಾಟಕದ ಕಂಪನಿಯಲ್ಲಿ ರಾಜರ ಮುಂದೆ ಮಂಡಿಯೂರಿ ಸುದ್ದಿ ಹೇಳಿದ, ಈಗ ಮುಚ್ಚಿಹೋದ ಕಲ್ಲುಗಣಿಯ ಕಾವಲುಗಾರನಾದ ನಿನ್ನ ಒಬ್ಬನೇ ತಮ್ಮ! ಹಿಂದಿನ ಪರದೆಯಲ್ಲಿ ಏನು? ಅಪ್ಪ ಮದ್ದು ತುಂಬಿ ಸಿಡಿಸುತ್ತಿದ್ದ ಅದೇ ಬಂಡೆ. ಅರ್ಧ ಬಂಡೆ ಅನ್ನು. ಉಳಿದರ್ಧ ಊರಿನ ರಸ್ತೆಗಳಾಗಿ ಮಲಗಿದೆ.

ನಿನ್ನೆ ಪುರಸಭೆಯವರು ಬಂದಿದ್ದರು. ಇಂಜಿನಿಯರು ಬಂಡೆಯ ಹಾಸಿನ ಮೇಲೆ ಅಳತೆಪಟ್ಟಿ ಎಳೆದು, "ಇದನ್ನ ಸಮ ಮಾಡಿಬಿಟ್ರೆ ಅರವತ್ತು ಲಾರಿ ಆರಾಮಾಗಿ ನಿಲ್ತವೆ" ಅಂದ. ಜೊತೆಗೆ ಅಧ್ಯಕ್ಷೆಯೂ ಬಂದಿದ್ದರು. ಯಾರು ಅಂದುಕೊಂಡೆ? ಗಣಿಯ ದಾದಿಯ ಮಗಳು! ಇದೇ ಹಾಸಿನ ಮೇಲೆ ನಮ್ಮ ಜೊತೆ ಜಾರಿ ಮೊಣಕಾಲು ಒಡೆದುಕೊಂಡವಳು. ಬಗ್ಗಿ ಒಂದು ಹೊಂಡದೊಳಗೆ ಬೆರಳಾಡಿಸಿ, "ಇಲ್ಲಿ ನೀಲಿ ಹೂವಾಗ್ತಿತ್ತಲ್ಲ, ಬಂಡೆಗಣ್ಣು? ಇನ್ನೆಲ್ಲೂ ಹುಟ್ಟಲ್ಲ ಅಂತಿದ್ರಲ್ಲ?" ಅಂದರು.

ನನ್ನ ಗಂಟಲು ಗೊತ್ತಲ್ಲ ನಿನಗೆ. "ಆಗ್ತಿತ್ತು ಅಲ್ಲ ತಾಯೀ, ಆಗ್ತದೆ! ನಮ್ಮಕ್ಕ ಅದರ ವಂಶಾನ ಗಾಜಿನ ಜಾಡೀಲಿ ಕಾಪಾಡಿಟ್ಟಿದ್ದಾಳೆ!" ಎದುರು ಗೋಡೆಯಿಂದ ನನ್ನ ಮಾತು ನನಗೇ ವಾಪಸ್ಸು ಬಂತು. ಇಂಜಿನಿಯರು ಕಿವಿ ಮುಚ್ಚಿಕೊಂಡ.

ತೀರ್ಮಾನ ಏನಾಯಿತು ಕೇಳು. ಎರಡು ಮಳೆಗಾಲ. ಅಷ್ಟರೊಳಗೆ ಬಂಡೆಗಣ್ಣು ತನ್ನ ಜಾಗದಲ್ಲಿ ತಾನೇ ನಿಂತು ತೋರಿಸಿದರೆ ಹಾಸನ್ನು ಮುಟ್ಟುವುದಿಲ್ಲ. ಇಲ್ಲವಾದರೆ ಲಾರಿ.

ಮಳೆಗೆ ಇನ್ನು ಮೂರು ವಾರ. ಬೀಜ ಕಳಿಸು!

ಇಂತಿ ನಿನ್ನ,
ಗುಡುಗು


ಮೇ ೧೧, ೧೯೮೬

ಗುಡುಗಿಗೆ,

ನಿನ್ನ ಪತ್ರವನ್ನು ಓದಿದೆ. ಓದಿದೆ ಅನ್ನುವುದಕ್ಕಿಂತ ಕೇಳಿಸಿಕೊಂಡೆ ಅನ್ನಬೇಕು. ಪಕ್ಕದ ಮೇಜಿನವಳು ಯಾಕೆ ನಗುತ್ತಿದ್ದೀರಿ ಅಂತ ಕೇಳಿದಳು.

ಈ ಲಕೋಟೆಯೊಳಗಿನ ಚಿಕ್ಕ ಪೊಟ್ಟಣದಲ್ಲಿ ಎರಡು ಸಾವಿರ ಬೀಜ ಇವೆ. ಕರಿಮೆಣಸಿನ ಪುಡಿಯ ಹಾಗೆ ಕಾಣುತ್ತವೆ, ಸೀನಬೇಡ. ಹೊಂಡಗಳಲ್ಲಿ ಸ್ವಲ್ಪ ಸ್ವಲ್ಪ ಉದುರಿಸು. ಗೊಬ್ಬರ ಹಾಕಬೇಡ, ನೀರು ಹೊಯ್ಯಬೇಡ. ಅಧ್ಯಕ್ಷೆ ಹೇಳಿದ್ದು ಸರಿ, ತಾನೇ ನಿಲ್ಲಬೇಕು. ಕೊಡದಲ್ಲಿ ಸಾಕಿದ್ದನ್ನು ಬದುಕಿತು ಅನ್ನಲಾಗದು.

ಕೆಳಗಿನ ಹಾಸಿನ ಗಿಡಗಳು ಗಣಿಯ ಧೂಳಿಗೆ ಮೊದಲೇ ಅಳಿದಿದ್ದವು. ಐವತ್ತೊಂಬತ್ತರಲ್ಲಿ ಮೇಲಿನ ಹಾಸನ್ನೂ ಸಿಡಿಸುವ ಹಿಂದಿನ ವಾರ ನಾನು ರಜೆ ಹಾಕಿ ಬಂದು, ಸೆರಗಿನ ತುಂಬ ಕಾಯಿ ಬಿಡಿಸಿಕೊಂಡು ಹೋಗಿದ್ದೆ. ಅಪ್ಪ, "ಸಂಬಳ ತಗೊಂಡು ಕಳೆ ಕೀಳ್ತೀಯಲ್ಲೇ" ಅಂದಿದ್ದ. ಆಗ ನಮ್ಮ ಬೀಜಾಲಯದಲ್ಲಿ ಶೀತಕೋಣೆ ಇರಲಿಲ್ಲ. ಇಟ್ಟ ಬೀಜ ಸಾಯುತ್ತದೆ ಅಂತ ಪ್ರತಿ ವರ್ಷ ನೂರು ಬೀಜ ಬಿತ್ತಿ, ಬೆಳೆಸಿ, ಹೊಸ ಬೀಜ ತೆಗೆದು ಜಾಡಿ ತುಂಬುತ್ತಿದ್ದೆ. ಇಪ್ಪತ್ತೇಳು ಸಲ, ಒಂದು ವರ್ಷವೂ ತಪ್ಪಿಲ್ಲ. ಮೊದಲ ವರ್ಷ ನೂರಕ್ಕೆ ಮೂವತ್ತೆಂಟು ಮೊಳೆತಿದ್ದವು. ಆಗಿನ ನಿರ್ದೇಶಕರು, "ಇದು ಬೀಜವೋ ಮರಳೋ" ಅಂದಿದ್ದರು. ಈಗ ತೊಂಬತ್ತಾರು. ಆ ಏರಿಕೆಯ ನಕ್ಷೆಗೆ ಕಟ್ಟು ಹಾಕಿಸಿ ಮೊಗಸಾಲೆಯಲ್ಲಿ ತೂಗುಹಾಕಿದ್ದಾರೆ. ಡಿಸೆಂಬರಿನಲ್ಲಿ ನನ್ನ ನಿವೃತ್ತಿಯ ದಿನ ಅದನ್ನೇ ನನಗೆ ಕೊಡುತ್ತಾರಂತೆ.

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ. ಬಿತ್ತು.

ಅಕ್ಕ


ಮೇ ೨೯, ೧೯೮೬

ಅಕ್ಕಾ, ಅಕ್ಕಾ, ಅಕ್ಕಾ!

ಹೌಸ್ ಫುಲ್! ಟಿಕೆಟ್ ಇಲ್ಲ, ಬಾಗಿಲು ಹಾಕಿ!

ಇಪ್ಪತ್ತೊಂದನೇ ತಾರೀಖು ಮೊದಲ ಮಳೆ. ಸಾಮಾನ್ಯ ಮಳೆಯಲ್ಲ, ನನ್ನ ತಗಡಿನ ಕೋಣೆಯ ಮೇಲೆ ಸಾವಿರ ಜನ ಒಟ್ಟಿಗೆ ಚಪ್ಪಾಳೆ ಹೊಡೆದ ಹಾಗೆ. ಇಪ್ಪತ್ತೈದಕ್ಕೆ ಎದ್ದು ನೋಡುತ್ತೇನೆ, ಹೊಂಡಕ್ಕೆ ಹೊಂಡವೇ ಹಸಿರು! ನಾಲ್ಕೇ ದಿನ! ಒಬ್ಬರಿಗೊಬ್ಬರು ಹೆಗಲು ಕೊಟ್ಟು, ಸಾಲು ತಪ್ಪದೆ, ರಾಜನ ಸೈನ್ಯ ನಿಂತ ಹಾಗೆ. ನಮ್ಮ ಕಂಪನಿಯಲ್ಲಿ ಸೈನ್ಯ ಅಂದರೆ ನಾಲ್ಕು ಜನ ಹಿಂದಿನಿಂದ ಸುತ್ತಿ ಸುತ್ತಿ ಬರುವುದು. ಇದು ನಿಜವಾದ ಸೈನ್ಯ. ಒಂದು ಬೀಜವೂ ಹಿಂದೆ ಉಳಿದಿಲ್ಲ. ಎಲ್ಲವೂ, ಎಲ್ಲವೂ ಎದ್ದಿವೆ.

ಅಧ್ಯಕ್ಷೆ ಛತ್ರಿ ಹಿಡಿದು ಬಂದು ನೋಡಿ ಕಣ್ಣು ಒರೆಸಿಕೊಂಡರು. ಇಂಜಿನಿಯರು, "ಇಷ್ಟು ಬೇಗ ಬರುತ್ತಾ?" ಅಂದ. "ನಮ್ಮಕ್ಕನ ಕೈ ಸ್ವಾಮೀ!" ಅಂದೆ.

ಎರಡು ಮಳೆಗಾಲ ಯಾಕೆ, ಒಂದೇ ಸಾಕು. ಬೇಗ ಬರೆ. ಹೊಗಳು. ಹೊಟ್ಟೆ ತುಂಬ ಹೊಗಳು.

ಗುಡುಗು


ಜೂನ್ ೭, ೧೯೮೬

ತಮ್ಮನಿಗೆ,

ಪತ್ರ ತಲುಪಿತು. ಒಂದು ಮಾತು ಕೇಳುತ್ತೇನೆ, ಬಣ್ಣ ಕಟ್ಟದೆ ಉತ್ತರ ಕೊಡು. ಎಲ್ಲವೂ ಅಂದರೆ ನಿಜಕ್ಕೂ ಎಲ್ಲವೂನಾ? ನಾಲ್ಕೇ ದಿನಕ್ಕಾ? ಒಂದೆರಡು ಹೊಂಡದ ಮಣ್ಣು ಕೆದಕಿ ನೋಡು, ಮೊಳೆಯದ ಬೀಜ ಉಳಿದಿದೆಯೇ ಅಂತ. ಪೊಟ್ಟಣದಲ್ಲಿ ಏನಾದರೂ ಮಿಕ್ಕಿದ್ದರೆ ಬಿತ್ತಬೇಡ, ಎತ್ತಿಡು.

ಮೊದಲ ಮಳೆಯ ನಂತರ ಮತ್ತೆ ಮಳೆ ಬಂತೇ?

ನಾನು ಚೆನ್ನಾಗಿದ್ದೇನೆ.

ಅಕ್ಕ


ಜೂನ್ ೧೬, ೧೯೮೬

ಅಕ್ಕನವರ ಸನ್ನಿಧಾನಕ್ಕೆ,

ಹೊಗಳು ಅಂತ ಕೇಳಿದೆ. ವಿಚಾರಣೆ ಮಾಡಿದ್ದೀಯ. ಪರವಾಗಿಲ್ಲ. ಚಿಕ್ಕಂದಿನಲ್ಲೂ ಅಷ್ಟೇ, ನಾನು ಪಾಸಾದ ಒಂದೇ ಒಂದು ಪರೀಕ್ಷೆಯ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ತಿದ್ದಿದ್ದಾನೋ ಅಂತ ನೋಡಿದವಳು ನೀನು.

ಮಿಕ್ಕಿದ್ದು ಏನೂ ಇಲ್ಲ, ಎಲ್ಲ ಬಿತ್ತಿದೆ. ಕೆದಕಿ ನೋಡಿದೆ, ಬೀಜ ಸಿಗಲಿಲ್ಲ.

ನಿನ್ನ ಬಂಡೆಗಣ್ಣುಗಳು ಕ್ಷೇಮ. ಎದೆಯುಬ್ಬಿಸಿ ನಿಂತಿವೆ. ಸುಮ್ಮನೆ ಮಾತಿಗೆ ಕೇಳುತ್ತೇನೆ: ಈ ಗಿಡ ನೀರಿಲ್ಲದೆ ಎಷ್ಟು ದಿನ ಇರಬಲ್ಲದು? ಇಲ್ಲಿ ಸ್ವಲ್ಪ ಸೆಕೆ. ಬೇರೆ ವಿಶೇಷ ಇಲ್ಲ.

ನಿನ್ನ ತಮ್ಮ


ಜೂನ್ ೨೬, ೧೯೮೬

ಗುಡುಗಿಗೆ,

ಕೋಪ ಮಾಡಿಕೊಳ್ಳಬೇಡವೋ. ನಿನ್ನ ಪತ್ರ ಓದಿ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ನಾನು ಏನೋ ಒಂದು ಹುಚ್ಚು ಭಯಕ್ಕೆ ಬಿದ್ದಿದ್ದೆ, ಈಗ ಹೋಯಿತು, ಹೋಗಲಿ ಬಿಡು. ಎದೆಯುಬ್ಬಿಸಿ ನಿಂತಿವೆ ಅಂದಮೇಲೆ ಇನ್ನೇನು. ಮೊಳಕೆಗೆ ಹತ್ತು ದಿನ ನೀರಿಲ್ಲದಿದ್ದರೆ ಕಷ್ಟ. ಆದರೆ ಈಗಾಗಲೇ ನಾಲ್ಕು ಎಲೆ ಬಿಟ್ಟಿರುತ್ತವಲ್ಲ, ತಡೆದುಕೊಳ್ಳುತ್ತವೆ.

ಇಲ್ಲಿ ನನ್ನ ನಿವೃತ್ತಿಯ ದಿನದ ತಯಾರಿ ಈಗಲೇ ಶುರುವಾಗಿದೆ. ಹೊಸ ನಿರ್ದೇಶಕಿ ನಿನ್ನ ಮೇ ತಿಂಗಳ ಪತ್ರದ ಸಾಲುಗಳನ್ನು ಓದಿ ಹೇಳಬೇಕಂತೆ. "ಬೀಜ ಮನೆಗೆ ಮರಳಿದ ಕಥೆ" ಅನ್ನುತ್ತಾಳೆ. ನನಗೆ ನಾಚಿಕೆ. ಆದರೂ ಹೇಳುತ್ತೇನೆ, ಖುಷಿಯಾಯಿತು. ನೀನು ಕೇಳಿದ ಹೊಗಳಿಕೆ ಇದೇ ಅಂತ ಇಟ್ಟುಕೋ.

ಹೂ ಬಿಟ್ಟಾಗ ಬರೆ.

ಅಕ್ಕ


ಸೆಪ್ಟೆಂಬರ್ ೩, ೧೯೮೬

ಅಕ್ಕ,

ಈ ಪತ್ರವನ್ನು ಎಂಟು ಸಲ ಬರೆದು ಹರಿದೆ.

ಹೂ ಬಿಟ್ಟಿಲ್ಲ. ಬಿಡುವುದಿಲ್ಲ. ಮೇ ಇಪ್ಪತ್ತಾರರ ನಂತರ ಮಳೆ ನಿಂತಿತು. ಜೂನ್ ಹತ್ತರ ಹೊತ್ತಿಗೆ ಒಂದು ಗಿಡವೂ ಉಳಿದಿರಲಿಲ್ಲ. ಹದಿನಾರಕ್ಕೆ ಎದೆಯುಬ್ಬಿಸಿ ನಿಂತಿವೆ ಅಂತ ನಿನಗೆ ಬರೆದೆನಲ್ಲ, ಆಗ ಹೊಂಡಗಳಲ್ಲಿ ಇದ್ದದ್ದು ಬೀಡಿ ಬೂದಿಯಂಥ ಪುಡಿ. ಬಣ್ಣ ಹಚ್ಚದೆ ಆಡಿದ ನಾಟಕ ಅದೊಂದೇ. ನಿನ್ನ ನಕ್ಷೆ, ನಿನ್ನ ನಿವೃತ್ತಿ, ಇಪ್ಪತ್ತೇಳು ವರ್ಷ ಅಂತ ಬರೆದಿದ್ದೆಯಲ್ಲ, ಹೇಗೆ ಹೇಳಲಿ? ನೀರು ಹೊಯ್ಯಬೇಡ ಅಂದಿದ್ದೆ, ಹೊಯ್ಯಲಿಲ್ಲ. ಒಂದು ದಿನ ಕೊಡ ತುಂಬಿಸಿಕೊಂಡು ಹೋಗಿ ಪಕ್ಕದಲ್ಲೇ ಕೂತಿದ್ದೆ. ಕೊಡವನ್ನು ಹಾಗೇ ವಾಪಸ್ಸು ತಂದೆ. ಅದೇ ತಪ್ಪಾಯಿತೋ ಏನೋ.

ಜುಲೈನಲ್ಲಿ ನಿಜವಾದ ಮಳೆ ಬಂತು. ಮೂರು ವಾರ ಬಿಡದೆ. ನಾನು ದಿನಾ ಹೊಂಡಗಳ ಮೇಲೆ ಬಾಗಿ ನೋಡಿದೆ. ಏನೂ ಏಳಲಿಲ್ಲ. ಅದು ನನಗೆ ಅರ್ಥವಾಗುತ್ತಿಲ್ಲ ಅಕ್ಕ. ನಾವು ಚಿಕ್ಕವರಿದ್ದಾಗಲೂ ಮೊದಲ ಮಳೆಯ ನಂತರ ಬಿಸಿಲು ಹೊಡೆಯುತ್ತಿರಲಿಲ್ಲವೇ? ಮೊದಲು ಎದ್ದವು ಸಾಯುತ್ತಿರಲಿಲ್ಲವೇ? ಆಮೇಲೆ ಮತ್ತೊಂದಷ್ಟು ಬರುತ್ತಿದ್ದವು. ಸೈಡ್ ವಿಂಗ್‌ನಲ್ಲಿ ಕಾದು ನಿಂತವರ ಹಾಗೆ. ಈ ಸಲ ಒಳಗೆ ಯಾರೂ ಕಾದಿರಲಿಲ್ಲ. ಎಲ್ಲರೂ ಮೊದಲ ದೃಶ್ಯಕ್ಕೇ ಓಡಿಬಂದು ಒಟ್ಟಿಗೆ ಸತ್ತರು.

ಆ ಕಾದು ನಿಲ್ಲುವವರು ಎಲ್ಲಿಗೆ ಹೋದರು?

ಇಂಜಿನಿಯರು ಬಂದು ನೋಡಿದ, ಗೇಲಿ ಮಾಡಲಿಲ್ಲ. ಅದೇ ಹೆಚ್ಚು ನೋವಾಯಿತು.

ನಿನ್ನ ತಮ್ಮ


ಸೆಪ್ಟೆಂಬರ್ ೨೦, ೧೯೮೬

ತಮ್ಮನಿಗೆ,

ನೀನು ಸುಳ್ಳು ಹೇಳಿದೆ, ನಾನು ನಿಜ ಹೇಳಲಿಲ್ಲ. ಇಬ್ಬರೂ ಒಂದೇ ಗಂಟಲಿನವರು.

ಕಾದು ನಿಲ್ಲುವವರನ್ನು ನಾನೇ ಎಸೆದೆ.

ಹೇಗೆ ಅಂತ ಹೇಳುತ್ತೇನೆ, ಸುಲಭವಾಗಿದೆ. ಬೀಜಾಲಯದಲ್ಲಿ ಟ್ರೇಗಳು ಕಡಿಮೆ, ಸರದಿಯಲ್ಲಿ ನೂರಾರು ಜಾತಿಯ ಬೀಜ. ಹಾಗಾಗಿ ಐವತ್ತೊಂಬತ್ತರಲ್ಲಿ ನಾನೇ ಒಂದು ನಿಯಮ ಮಾಡಿದೆ. ಬಿತ್ತಿದ ಹದಿನೈದನೇ ದಿನ ಟ್ರೇ ಖಾಲಿ ಮಾಡಬೇಕು. ಅಷ್ಟರಲ್ಲಿ ಎದ್ದ ಸಸಿಗಳನ್ನು ಕುಂಡಕ್ಕೆ. ಮಿಕ್ಕ ಮಣ್ಣು ಹೊರಗೆ. ಮೊದಲ ವರ್ಷ ಮೂವತ್ತೆಂಟು ಕುಂಡಕ್ಕೆ ಹೋದವು, ಅರವತ್ತೆರಡು ಹೊರಗೆ ಹೋದವು. ಸತ್ತ ಬೀಜ ಅಂದುಕೊಂಡೆ. ಸತ್ತಿರಲಿಲ್ಲವೋ. ಮಲಗಿದ್ದವು.

ಒಂದೇ ತಾಯಿಯ ಒಂದೇ ಕಾಯಿಯಲ್ಲಿ ಏಳು ಬೀಜ ಇರುತ್ತವೆ. ಕೆಲವು ಮೊದಲ ಹನಿಗೇ ಏಳುತ್ತವೆ. ಕೆಲವಕ್ಕೆ ಎರಡನೇ ಮಳೆ ಬೇಕು. ಒಂದೆರಡು ಮುಂದಿನ ವರ್ಷಕ್ಕೆ. ಒಂದು ಯಾವಾಗಲೋ, ಅದಕ್ಕೇ ಗೊತ್ತು. ನಮ್ಮ ಬಂಡೆಯ ಮೇಲೆ ಮೊದಲ ಮಳೆ ಒಮ್ಮೊಮ್ಮೆ ನಿಜ, ಬಹಳ ಸಲ ಸುಳ್ಳು. ಬೇಗ ಎದ್ದವು ಒಂದು ವರ್ಷ ಗೆದ್ದರೆ, ಮಲಗಿದವು ನಾಲ್ಕು ವರ್ಷ ವಂಶ ಉಳಿಸುತ್ತವೆ. ಲಕ್ಷಾಂತರ ವರ್ಷ ಆ ಬಂಡೆ ಇಬ್ಬರನ್ನೂ ಇಟ್ಟುಕೊಂಡಿತ್ತು. ನಾನು ಒಬ್ಬರನ್ನೇ ಇಟ್ಟುಕೊಂಡೆ. ಅವಸರದ ತಾಯಿಯ ಅವಸರದ ಮಕ್ಕಳು, ಅವರಲ್ಲೂ ಅವಸರದವರು, ಇಪ್ಪತ್ತೇಳು ತಲೆಮಾರು. ವಿಕಾಸ ಅಂದರೆ ಯುಗಗಳ ಕೆಲಸ ಅಂತ ಶಾಲೆಯ ಮಕ್ಕಳಿಗೆ ವರ್ಷವೂ ಭಾಷಣ ಮಾಡಿದವಳು, ಒಂದು ಚಮಚ ಮತ್ತು ಒಂದು ಕ್ಯಾಲೆಂಡರು ಹಿಡಿದು ನನ್ನ ಸೇವಾವಧಿಯಲ್ಲೇ ಮಾಡಿ ಮುಗಿಸಿದೆ. ಮೂವತ್ತೆಂಟು ತೊಂಬತ್ತಾರಾದದ್ದು ನನ್ನ ಆರೈಕೆಯಿಂದಲ್ಲ. ಜಾಡಿಯೊಳಗಿನದು ಬಂಡೆಗಣ್ಣೇ ಅಲ್ಲ, ಟ್ರೇಗಣ್ಣು.

ನೀನು ನಾಲ್ಕೇ ದಿನಕ್ಕೆ ಎಲ್ಲವೂ ಎದ್ದವು ಅಂತ ಬರೆದಾಗಲೇ ನನಗೆ ಅನುಮಾನ ಬಂದಿತ್ತು. ನಂಬಲು ಇಷ್ಟವಿರಲಿಲ್ಲ. ನಿನ್ನ ಸುಳ್ಳು ಬಂತು, ಎರಡೂ ಕೈಯಲ್ಲಿ ಬಾಚಿಕೊಂಡೆ.

ಹಳೆಯ ಜಾಡಿ? ಹೊಸ ಬೀಜ ಬಂದಮೇಲೆ ಹಳೆಯದನ್ನು ಇಡುವ ಪದ್ಧತಿ ಇರಲಿಲ್ಲ. ಕೊಡ ಹೊಯ್ಯದೇ ಇದ್ದದ್ದು ನಿನ್ನ ತಪ್ಪಲ್ಲ. ಹೊಯ್ದಿದ್ದರೆ ನನ್ನ ತಪ್ಪು ಇನ್ನೂ ಹತ್ತು ವರ್ಷ ತಿಳಿಯುತ್ತಿರಲಿಲ್ಲ.

ಲಾರಿಯವರಿಗೆ ಜಾಗ ಬಿಟ್ಟುಕೊಡು.

ಅಕ್ಕ


ಸೆಪ್ಟೆಂಬರ್ ೨೯, ೧೯೮೬

ಅಕ್ಕಾ,

ಮೂರು ಸಲ ಓದಿದೆ. ಒಂದು ಸಲ ಜೋರಾಗಿ. ಗಣಿಯ ಗೋಡೆಗಳಿಗೂ ತಿಳಿಯಲಿ ಅಂತ.

ಅತ್ತಿದ್ದು ಸಾಕು, ಈಗ ನನ್ನ ಮಾತು ಕೇಳು. ನಾನು ಐದು ವರ್ಷದವರೆಗೆ ಮಾತಾಡಲಿಲ್ಲ, ನೆನಪಿದೆಯಾ? ಅಮ್ಮ ನನ್ನನ್ನು ಆ ವೈದ್ಯ, ಈ ವೈದ್ಯ ಅಂತ ಎಳೆದಾಡಿದಳು. ಪಕ್ಕದ ಮನೆಯವಳು, "ನಿಮ್ಮ ಹುಡುಗ ಮೂಗ ಬಿಡಿ" ಅಂದೇಬಿಟ್ಟಳು. ಅಪ್ಪ ಕೈಯ ಮದ್ದಿನ ಪುಡಿ ಒರೆಸಿಕೊಳ್ಳುತ್ತಾ ಏನಂದ? "ಇವನ ಮಳೆ ಇನ್ನೂ ಬಂದಿಲ್ಲ." ಅಷ್ಟೇ ಅಂದ. ಆಮೇಲೆ ಬಂತಲ್ಲ ಮಳೆ! ನಲವತ್ತೇಳು ವರ್ಷದಿಂದ ಬಿಟ್ಟಿಲ್ಲ! ಕಂಪನಿಯಲ್ಲೂ ಅಷ್ಟೇ. ಮೊದಲ ಅಂಕದಲ್ಲಿ ನನಗೆ ಎಂದೂ ಪಾತ್ರ ಸಿಗಲಿಲ್ಲ. ಮೂರನೇ ಅಂಕದಲ್ಲಿ, ರಾಜ ಎಲ್ಲ ಕಳೆದುಕೊಂಡು ಕುಳಿತಾಗ, ಧೂಳು ಮೆತ್ತಿಕೊಂಡು ಓಡಿಬಂದು "ಪ್ರಭೂ, ಇನ್ನೂ ಒಂದು ದಾರಿ ಇದೆ!" ಅನ್ನುವವನು ನಾನು. ಒಂದೇ ಸಾಲು. ಅದಿಲ್ಲದೆ ನಾಟಕ ಮುಂದೆ ಹೋಗದು.

ಈಗ ಧೂಳು ಮೆತ್ತಿಕೊಂಡೇ ಬಂದಿದ್ದೇನೆ. ಒಂದು ಪ್ರಶ್ನೆ. ನಮ್ಮ ಮಾಲೀಕ ಸಿಟ್ಟು ಬಂದಾಗಲೆಲ್ಲ ನಟರನ್ನು ಓಡಿಸುತ್ತಿದ್ದ. ಓಡಿಸಿಕೊಂಡವರು ಸತ್ತರೇ? ಹೋಗಿ ಪಕ್ಕದ ಊರಿನಲ್ಲಿ ಬೇರೆ ಕಂಪನಿ ಕಟ್ಟಿದರು!

ಹೊರಗೆ ಎಸೆದೆ, ಹೊರಗೆ ಎಸೆದೆ ಅಂತ ಬರೆದಿದ್ದೀಯಲ್ಲ. ಹೊರಗೆ ಅಂದರೆ ಎಲ್ಲಿಗೆ? ಆ ಮಣ್ಣು ಎಲ್ಲಿ ಹೋಯಿತು?

ಮೂರನೇ ಅಂಕದ ದೂತ


ಅಕ್ಟೋಬರ್ ೧೭, ೧೯೮೬

ಗುಡುಗು,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಸಹಿಸಿಕೋ.

ಇಪ್ಪತ್ತೇಳು ವರ್ಷ ಆ ಟ್ರೇಗಳನ್ನು ನಾನು ಬಾಗಿಲಿನವರೆಗೆ ತಂದು ಇಟ್ಟಿದ್ದೇನೆ. ಬಾಗಿಲಿನಾಚೆ ಏನಾಗುತ್ತದೆ ಅಂತ ಒಮ್ಮೆಯೂ ನೋಡಿಲ್ಲ. ನಿನ್ನ ಪತ್ರ ಬಂದಾಗ ಕಸ ತೆಗೆಯುವ ಬುಟ್ಟಿಯಮ್ಮ ಮೆಟ್ಟಿಲು ಒರೆಸುತ್ತಿದ್ದಳು. ಅವಳೂ ನನ್ನಷ್ಟೇ ಹಳಬಳು.

"ಬುಟ್ಟಿಯಮ್ಮಾ, ಟ್ರೇ ಮಣ್ಣನ್ನ ಎಲ್ಲಿ ಹಾಕ್ತೀಯೇ?"

ಅವಳು ಒರೆಸುವುದನ್ನು ನಿಲ್ಲಿಸಿದಳು. "ಯಾಕವ್ವಾ, ಯಾರಾದ್ರೂ ದೂರು ಹೇಳಿದ್ರಾ?"

"ಇಲ್ವೇ, ಸುಮ್ನೆ ಕೇಳ್ದೆ."

"ಲಾರಿ ಬರೋ ಗೇಟಿನ ತನಕ ಹೊತ್ಕೊಂಡು ಹೋಗಬೇಕು ಅಂತಿತ್ತು ನಿಯಮ. ಸೊಂಟ ಕೇಳ್ಬೇಕಲ್ಲ. ಬಾಯ್ಲರ್ ಕೋಣೆ ಹಿಂದಕ್ಕೆ ಸುರೀತಿದ್ದೆ. ಮೊದಲಿಂದಲೂ. ಬೈಬೇಡಿ."

ಬಾಯ್ಲರ್ ಕೋಣೆಯ ಹಿಂಭಾಗಕ್ಕೆ ನಾನು ಈವರೆಗೆ ಹೋಗಿರಲಿಲ್ಲ. ಎರಡು ಗೋಡೆಗಳ ನಡುವೆ ಮಂಚದಷ್ಟು ಅಗಲದ ಓಣಿ. ತುಕ್ಕು ಕೊಳವೆ, ಮುರಿದ ಕುಂಡ, ಒಂದು ಬಾಗಿಲಿಲ್ಲದ ಬೀರು. ಅದರ ನಡುವೆ, ನೆಲದಿಂದ ಗೋಡೆಯ ಬಿರುಕಿನವರೆಗೆ, ನೀಲಿ.

ನಾನು ಕೂತುಬಿಟ್ಟೆ. ಬುಟ್ಟಿಯಮ್ಮ ಹೆದರಿ, "ಅಯ್ಯೋ, ಕಳೆ ಕಣವ್ವಾ, ಪ್ರತಿ ವರ್ಷ ಕೀಳ್ಬೇಕು ಅಂದ್ಕೋತೀನಿ, ಚೆಂದ ಇದೆ ಅಂತ ಬಿಟ್ಬಿಡ್ತೀನಿ. ನೀವು ಎಸೆದಿದ್ದಲ್ವಾ, ಬೇಡದ್ದು ಅಂದ್ಕೊಂಡೆ, ಅದಕ್ಕೇ ಹೇಳ್ಲಿಲ್ಲ" ಅಂದಳು. "ಒಂದೇ ಸಲಕ್ಕೆ ಬರಲ್ಲ ಇವು. ಒಂದಷ್ಟು ಒಣಗೋಗ್ತವೆ, ಹೋದ್ವು ಅನ್ನೋ ಹೊತ್ತಿಗೆ ಇನ್ನೊಂದಷ್ಟು. ನಮ್ಮೆಜಮಾನ್ರ ತರ, ಕರೆದಾಗ ಬರಲ್ಲ, ಅನ್ನ ಆರಿದ ಮೇಲೆ ಬರ್ತಾರೆ."

ನಾನು ಅವಳನ್ನು ತಬ್ಬಿಕೊಂಡೆನಂತೆ. ನನಗೆ ನೆನಪಿಲ್ಲ. ಇಡೀ ಕಚೇರಿ ಇದೇ ಮಾತಾಡುತ್ತಿದೆ.

ಬೀಜ ಆರಿಸಿ, ತೂರಿ, ಚೊಕ್ಕಟ ಮಾಡಿ ಕಳಿಸಬೇಕು ಅಂತ ಇಕ್ಕಳ ಎತ್ತಿಕೊಂಡಿದ್ದೆ. ಕೈ ತಡೆಯಿತು. ಆರಿಸಿದ್ದೇ ಅಲ್ಲವೇ ರೋಗ? ಮಣ್ಣನ್ನೇ ಕಳಿಸುತ್ತೇನೆ. ಕಾಯಿ ಉದುರಿದ ಮೇಲೆ, ಓಣಿಯ ಅರ್ಧ ಭಾಗದ ಮಣ್ಣು, ಆರು ಮೂಟೆ. ಅದರಲ್ಲಿ ಏನಿದೆ, ಎಷ್ಟಿದೆ, ಯಾವ ವರ್ಷದ್ದು, ನನಗೆ ಗೊತ್ತಿಲ್ಲ. ಹೀಗೆ ಬರೆಯುತ್ತಿರುವುದು ಜೀವನದಲ್ಲಿ ಮೊದಲ ಸಲ.

ಅಕ್ಕ


ಜನವರಿ ೫, ೧೯೮೭

ಗುಡುಗಿಗೆ,

ನಿವೃತ್ತಿಯಾಯಿತು. ಕಟ್ಟು ಹಾಕಿದ ನಕ್ಷೆಯನ್ನು ಕೊಟ್ಟರು. ತೆಗೆದುಕೊಂಡು, ಅಲ್ಲೇ ಮೇಜಿನ ಮೇಲೆ ನಿಲ್ಲಿಸಿ, "ಇದು ಒಂದು ಹೂವಿನ ತಾಳ್ಮೆಯನ್ನು ನಾನು ಹೇಗೆ ಕಿತ್ತುಹಾಕಿದೆ ಅನ್ನುವುದರ ನಕ್ಷೆ" ಅಂದು ಪೂರಾ ಕಥೆ ಹೇಳಿದೆ. ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ನಿರ್ದೇಶಕಿ ಮೆಲ್ಲಗೆ, "ಮೇಡಂ, ಇವತ್ತೇ ಹೇಳ್ಬೇಕಿತ್ತಾ?" ಅಂದಳು. "ನಾಳೆ ನನ್ನ ಮಾತು ಯಾರು ಕೇಳ್ತಾರೆ?" ಅಂದೆ. ಮರುದಿನ ಹದಿನೈದು ದಿನದ ನಿಯಮದ ಹಲಗೆಯನ್ನು ಇಳಿಸಿದರಂತೆ. ಬುಟ್ಟಿಯಮ್ಮನ ಓಣಿಗೆ ಬೇಲಿ ಹಾಕಿಸಿ ಬೀಗದ ಕೈಯನ್ನು ಅವಳಿಗೇ ಕೊಟ್ಟಿದ್ದಾರೆ.

ಮೂಟೆಗಳು ನಾಳೆ ಹೊರಡುತ್ತವೆ. ಹೊಂಡಗಳಲ್ಲಿ ಹರಡು. ಮೇಲೆ ಕೈಯಾಡಿಸಬೇಡ.

ಈ ಸಲ ಏನೇ ಆಗಲಿ, ಆದದ್ದನ್ನೇ ಬರೆ.

ಅಕ್ಕ


ಜೂನ್ ೧೯, ೧೯೮೭

ಅಕ್ಕ,

ಆದದ್ದನ್ನೇ ಬರೆಯುತ್ತೇನೆ.

ಮೇ ಹದಿನೆಂಟಕ್ಕೆ ಮೊದಲ ಮಳೆ. ಇಡೀ ಹಾಸಿನಲ್ಲಿ ಎದ್ದವು ಮೂವತ್ತೊಂದು. ಮತ್ತೆ ಮಳೆ ಕೈಕೊಟ್ಟಿತು. ಇವತ್ತಿಗೆ ಮೂವತ್ತೊಂದೂ ಸತ್ತಿವೆ. ಹಾಸು ಬೋಳು.

ಮೊನ್ನೆ ಪುರಸಭೆಯವರು ಬಂದರು. ಇಂಜಿನಿಯರು ಸುತ್ತಲೂ ನೋಡಿ, "ಏನಯ್ಯಾ, ಹೋದ ವರ್ಷ ಸಾವಿರ ಸತ್ತವು, ಈ ವರ್ಷ ಮೂವತ್ತು ಸತ್ತವು. ಇದು ಪ್ರಗತಿಯಾ?" ಅಂದ.

ನನ್ನ ಎದೆ ಉಬ್ಬಿತು, ಗಂಟಲು ಸಿದ್ಧವಾಯಿತು. ಒಂದು ಗಂಟೆಯ ಸಂಭಾಷಣೆ ನಾಲಗೆಯ ಮೇಲಿತ್ತು ಅಕ್ಕ. ಆದರೆ ನುಂಗಿದೆ. ಮೆಲ್ಲಗೆ, ನಿನ್ನ ಧ್ವನಿಯಲ್ಲಿ ಹೇಳಿದೆ. "ಹೋದ ವರ್ಷ ತುಂಬಿತ್ತು ಸ್ವಾಮೀ, ಅದೇ ಸೋಲಾಗಿತ್ತು. ಈ ವರ್ಷ ಖಾಲಿ ಕಾಣ್ತಿದೆ. ಖಾಲಿ ಇದೆಯೋ, ಕಾಯ್ತಿದೆಯೋ, ನನಗೆ ಗೊತ್ತಿಲ್ಲ. ಎರಡನೇ ಮಳೆಗೆ ಗೊತ್ತಾಗ್ತದೆ."

"ಬರದೇ ಇದ್ರೆ?"

"ನಾನೇ ಸುಣ್ಣ ಹಿಡ್ಕೊಂಡು ಲಾರಿಗಳಿಗೆ ಗೆರೆ ಎಳೀತೀನಿ."

ಅಧ್ಯಕ್ಷೆ ನನ್ನನ್ನೇ ನೋಡುತ್ತಿದ್ದರು. "ಇವನು ಇಷ್ಟು ಮೆತ್ತಗೆ ಮಾತಾಡಿದ್ದನ್ನ ಐವತ್ತು ವರ್ಷದಲ್ಲಿ ನಾನು ಕೇಳಿಲ್ಲ. ಜುಲೈ ಕೊನೇವರೆಗೂ ನೋಡೋಣ" ಅಂದರು.

ಹೆದರಿಕೆಯಾಗುತ್ತಿದೆ. ಇದನ್ನೂ ಆದದ್ದೇ ಅಂತ ಬರೆಯುತ್ತಿದ್ದೇನೆ.

ನಿನ್ನ ತಮ್ಮ


ಜೂನ್ ೨೭, ೧೯೮೭

ತಮ್ಮನಿಗೆ,

ನಿಜ ಬರೆದೆ. ಅದಕ್ಕಿಂತ ದೊಡ್ಡ ಹೊಗಳಿಕೆ ನನ್ನ ಬಳಿ ಇಲ್ಲ.

ನನಗೂ ಹೆದರಿಕೆ. ಒಟ್ಟಿಗೆ ಹೆದರೋಣ.

ಅಕ್ಕ


ಜುಲೈ ೩೦, ೧೯೮೭

ಅಕ್ಕಾಆಆ!

ಈಗ ನುಂಗುವುದಿಲ್ಲ! ಈಗ ಗಂಟಲು ಬಿಡುತ್ತೇನೆ! ಕಿಟಕಿ ತೆರೆ, ಕೇಳಿಸಬೇಕು!

ಜುಲೈ ಒಂಬತ್ತಕ್ಕೆ ಎರಡನೇ ಮಳೆ ಬಂತು. ಹತ್ತು ದಿನ ಏನೂ ಇಲ್ಲ. ಹದಿನೈದನೇ ದಿನ, ನಿನ್ನ ಹದಿನೈದನೇ ದಿನ, ನಾನು ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದೆ. ಹದಿನೇಳನೇ ದಿನ ಬಡಗಣ ಹೊಂಡದಲ್ಲಿ ಎರಡು. ಸಂಜೆಗೆ ಒಂಬತ್ತು. ನಿನ್ನೆಗೆ ನೂರಾ ನಲವತ್ತಮೂರು! ಸಾಲಿಲ್ಲ, ಶಿಸ್ತಿಲ್ಲ, ಒಂದು ದೊಡ್ಡದು, ಒಂದು ಗಿಡ್ಡದು, ಒಂದು ಹೊಂಡದಲ್ಲಿ ಹನ್ನೆರಡು, ಪಕ್ಕದ್ದರಲ್ಲಿ ಒಂದೂ ಇಲ್ಲ. ಸೈನ್ಯವಲ್ಲ ಅಕ್ಕ, ಸಂತೆ!

ಇವತ್ತು ಅವರು ಬಂದರು. ಇಂಜಿನಿಯರು ಕುಕ್ಕರುಗಾಲಲ್ಲಿ ಕೂತು ಕನ್ನಡಕ ಒರೆಸಿಕೊಂಡು, "ಇದೇನಾ? ಇಷ್ಟು ಚಿಕ್ಕದಾ?" ಅಂದ. ಎದ್ದು ಹಿಂದಕ್ಕೆ ಹೆಜ್ಜೆ ಇಡುವ ಮುಂಚೆ ಕಾಲಡಿ ನೋಡಿಕೊಂಡ. ಅದನ್ನು ನಾನು ನೋಡಿದೆ, ಅಧ್ಯಕ್ಷೆಯೂ ನೋಡಿದರು. ಹಾಸು ಉಳಿಯಿತು. ಲಾರಿಗಳಿಗೆ ಗಣಿಯ ಕಲ್ಲು ತೂಗುತ್ತಿದ್ದ ಹಳೆಯ ತೂಕದ ಮನೆಯ ಜಾಗ ಕೊಡುತ್ತಾರಂತೆ.

ಒಂದೇ ತೊಡಕು. ಕಡತದಲ್ಲಿ ಬರೆಯಬೇಕಂತೆ: ಇನ್ನೂ ನೆಲದೊಳಗೆ ಎಷ್ಟು ಇವೆ, ಯಾವ ವರ್ಷ ಏಳುತ್ತವೆ. "ನಿಮ್ಮಕ್ಕನ್ನ ಕೇಳಿ ಒಂದು ಸಂಖ್ಯೆ ತರಿಸು" ಅಂದಿದ್ದಾನೆ.

ಸಂಖ್ಯೆ ಕಳಿಸು! ಪರದೆ ಎಳೆಯಬೇಡ, ನಾಟಕ ಮುಗಿದಿಲ್ಲ!

ಗುಡುಗು


ಆಗಸ್ಟ್ ೧೨, ೧೯೮೭

ಗುಡುಗಿಗೆ,

ಕೇಳಿಸಿತು. ಬೀದಿಯ ಕೊನೆಯವರೆಗೂ ಕೇಳಿಸಿರಬೇಕು.

ಇಂಜಿನಿಯರಿಗೆ ಹೇಳು, ಮೂವತ್ತೈದು ವರ್ಷದ ಸೇವೆಯಲ್ಲಿ ಬೀಜ ಎಣಿಸಿದವಳು ಹೇಳಿದ್ದಾಳೆ ಅಂತ: ಗೊತ್ತಿಲ್ಲ. ಹಾಗೇ ಬರೆಯಲಿ. ಆ ಖಾನೆಯಲ್ಲಿ ಅದಕ್ಕಿಂತ ಸರಿಯಾದ ಉತ್ತರ ಇನ್ನೊಂದಿಲ್ಲ.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಮೂಟೆ ಕಟ್ಟುವಾಗ ಒಂದು ಟ್ರೇಯಷ್ಟು ಮಣ್ಣನ್ನು ಮನೆಗೆ ತಂದುಕೊಂಡೆ. ಜನವರಿ ಒಂದರಂದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆ. ಆಗಾಗ ನೀರು ಚಿಮುಕಿಸುತ್ತೇನೆ, ಆಗಾಗ ಒಣಗಲು ಬಿಡುತ್ತೇನೆ. ಬಂದವರೆಲ್ಲ, "ಇದೇನು, ಬರೀ ಮಣ್ಣು?" ಅಂತ ಕೇಳುತ್ತಾರೆ. ಬುಟ್ಟಿಯಮ್ಮ ಮಾತ್ರ ಕೇಳಲಿಲ್ಲ. ಒಳಗೆ ಬಂದಳು, ನೋಡಿದಳು, ಅದರ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಹೋದಳು.

ಇವತ್ತಿಗೆ ಇನ್ನೂರ ಇಪ್ಪತ್ತನಾಲ್ಕನೇ ದಿನ. ಏನೂ ಎದ್ದಿಲ್ಲ.

ಎಸೆದಿಲ್ಲ.

ಅಕ್ಕ